ಗಾಳಿ ಎಲ್ಲಿ ಕೂರಬೇಕು? ಮುಳುಗುವವರ ಜಾಕೆಟ್ಟಿನ ಲೆಕ್ಕಾಚಾರ

ಸ್ಕೂಬಾ ಡೈವಿಂಗಿಗೆ ಹೊರಟ ಹೊಸಬರ ಚಿಂತೆಯೆಲ್ಲ ಉಸಿರಿನದು. ಸಿಲಿಂಡರಿನಲ್ಲಿ ಗಾಳಿ ಸಾಲುತ್ತದೆಯೇ, ಬಾಯಲ್ಲಿ ಕಚ್ಚಿಕೊಂಡ ರೆಗ್ಯುಲೇಟರ್ ಕೈಕೊಟ್ಟರೆ ಗತಿಯೇನು ಎಂದೇ ಕೇಳುತ್ತಾರೆ. ನೀರಿಗಿಳಿದ ಮೇಲೆ ಅವರನ್ನು ಸತಾಯಿಸುವುದು ಬೇರೆಯೇ. ಇದ್ದಲ್ಲಿ ಇರಲು ಆಗುವುದಿಲ್ಲ: ಒಂದೋ ತಳಕ್ಕೆ ಇಳಿಯುತ್ತಲೇ ಹೋಗುತ್ತಾರೆ, ಇಲ್ಲವೇ ಬೇಡವೆಂದರೂ ಮೇಲೇಳುತ್ತಾರೆ. ಇವೆರಡರ ನಡುವೆ ಹಿಡಿದು ನಿಲ್ಲಿಸಲು ಇರುವುದೇ ಬಿಸಿಡಿ, ಅಂದರೆ ಗಾಳಿ ತುಂಬುವ, ಬಿಡುವ ಜಾಕೆಟ್.

1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ಟೊ ಮತ್ತು ಎಮಿಲ್ ಗಾನ್ಯಾನ್ ಆಕ್ವಾಲಂಗ್ ಎಂಬ, ಸಿಲಿಂಡರಿನ ಗಾಳಿಯನ್ನು ನೀರೊಳಗೆ ಉಸಿರಾಡಿಸುವ ಸಾಧನ ರೂಪಿಸಿದಾಗ ಇದು ಇರಲೇ ಇಲ್ಲ. ಸೊಂಟಕ್ಕೆ ಸೀಸದ ಬೆಲ್ಟು, ಬೆನ್ನಿಗೆ ಸಿಲಿಂಡರ್, ಮಿಕ್ಕಿದ್ದನ್ನು ಶ್ವಾಸಕೋಶ ಮತ್ತು ಕಾಲಿನ ಫಿನ್ನುಗಳೇ ನೋಡಿಕೊಳ್ಳಬೇಕಿತ್ತು. 1961ರಲ್ಲಿ ಮೊರಿಸ್ ಫೆಂಜಿ ಕುತ್ತಿಗೆಗೆ ಹಾಕಿಕೊಳ್ಳುವ ಗಾಳಿಪಟ್ಟಿ ತಂದರು. ತೋಳು ತೂರಿಸಿ ತೊಡುವ ಜಾಕೆಟ್ ಬಂದದ್ದು 1970ರ ದಶಕದಲ್ಲಿ.

ಇದರ ಹಿಂದಿರುವುದು ಶಾಲೆಯಲ್ಲಿ ಓದಿದ ಎರಡೇ ನಿಯಮ. ಆರ್ಕಿಮಿಡೀಸ್ ಪ್ರಕಾರ, ಜಾಕೆಟ್ಟಿಗೆ ತುಂಬಿದ ಒಂದು ಲೀಟರ್ ಗಾಳಿ ಒಂದು ಲೀಟರ್ ಸಮುದ್ರದ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಆ ನೀರಿನ ತೂಕ ಸುಮಾರು 1.025 ಕಿಲೋ, ನಮ್ಮನ್ನು ಮೇಲಕ್ಕೆತ್ತುವ ಬಲವೂ ಅಷ್ಟೇ. ಬಾಯ್ಲ್ ಪ್ರಕಾರ, ಒತ್ತಡ ಏರಿದಷ್ಟೂ ಗಾಳಿ ಕುಗ್ಗುತ್ತದೆ. ಮೇಲ್ಮೈಯಲ್ಲಿ ಒಂದು ವಾತಾವರಣದಷ್ಟಿರುವ ಒತ್ತಡ 10 ಮೀಟರಿಗೆ ಎರಡು, 20 ಮೀಟರಿಗೆ ಮೂರು ಆಗುತ್ತದೆ. ಮೇಲೆ ಬರುವಾಗ ಇದೇ ಲೆಕ್ಕ ತಿರುಗುಮುರುಗು: ಗಾಳಿ ಹಿಗ್ಗುತ್ತದೆ, ಹಿಗ್ಗಿದಷ್ಟೂ ಎತ್ತುತ್ತದೆ, ಎತ್ತಿದಷ್ಟೂ ಇನ್ನೂ ಹಿಗ್ಗುತ್ತದೆ. ಸುಮ್ಮನೆ ಬಿಟ್ಟರೆ ತಾನಾಗಿ ನಿಲ್ಲುವಂಥದ್ದಲ್ಲ.

ಹಾಗಾದರೆ ಜಾಕೆಟ್ಟಿನಲ್ಲಿ ಎಷ್ಟು ಗಾಳಿ ಬೇಕು? ಆಶ್ಚರ್ಯವಾಗುವಷ್ಟು ಕಡಿಮೆ. ಸಾಮಾನ್ಯವಾಗಿ ಬಾಡಿಗೆಗೆ ಸಿಗುವ 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿಗೆ 200 ಬಾರ್ (ಒಂದು ಬಾರ್ ಎಂದರೆ ಸುಮಾರು ಒಂದು ವಾತಾವರಣದಷ್ಟು ಒತ್ತಡ) ತುಂಬಿದರೆ ಒಳಗಿನ ಗಾಳಿಯೇ ಎರಡೂವರೆ ಕಿಲೋಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಡೈವ್ ಮುಗಿಯುವ ಹೊತ್ತಿಗೆ ಅದರ ಬಹುಪಾಲು ಉಸಿರಾಗಿ ಹೋಗಿರುತ್ತದೆ, ಸಿಲಿಂಡರ್ ತೇಲತೊಡಗುತ್ತದೆ. ಆ ಕೊನೆಯ ಹಗುರ ಸ್ಥಿತಿಗೆ ಸರಿಯಾಗಿ ಸೀಸ ಕಟ್ಟಿಕೊಂಡರೆ, ಶುರುವಿನಲ್ಲಿ ನಾವು ಎರಡೂವರೆ ಕಿಲೋದಷ್ಟು ಭಾರವಾಗಿರುತ್ತೇವೆ. ಅದಕ್ಕೆ ಎರಡೂವರೆ ಲೀಟರ್ ಗಾಳಿ, ಮೈ ಬೆಚ್ಚಗಿಡುವ ರಬ್ಬರ್ ಉಡುಪಾದ ವೆಟ್‌ಸೂಟ್ ಆಳದಲ್ಲಿ ಕುಗ್ಗುವುದಕ್ಕೆ ಒಂದಿಷ್ಟು. ಅಲ್ಲಿಗೆ ಮುಗಿಯಿತು.

ಆದರೆ ಹೊಸಬರು ಗಾಬರಿಗೆ ಎದೆ ತುಂಬ ಉಸಿರು ಹಿಡಿದಿರುತ್ತಾರೆ, ಮುಳುಗುವುದಿಲ್ಲ. ಇನ್‌ಸ್ಟ್ರಕ್ಟರ್ ಇನ್ನೊಂದು ನಾಲ್ಕು ಕಿಲೋ ಸೀಸ ಸಿಕ್ಕಿಸುತ್ತಾರೆ. ಈಗ 20 ಮೀಟರ್ ಆಳದಲ್ಲಿ ಸಮನಾಗಿ ನಿಲ್ಲಲು ಎರಡೂವರೆಯ ಬದಲು ಆರೂವರೆ ಲೀಟರ್ ಬೇಕು. ಸರಿಯಾಗಿ ಸೀಸ ಕಟ್ಟಿಕೊಂಡ ಒಬ್ಬರು, ಹೀಗೆ ಹೆಚ್ಚು ಕಟ್ಟಿಕೊಂಡ ಇನ್ನೊಬ್ಬರು, ಇಬ್ಬರೂ ಗಾಳಿ ಬಿಡದೆ 10 ಮೀಟರಿಗೆ ಬಂದರೆನ್ನಿ. ಮೊದಲನೆಯವರ ಗಾಳಿ ಒಂದೂಕಾಲು ಲೀಟರಿನಷ್ಟು ಹಿಗ್ಗುತ್ತದೆ, ಉದ್ದಕ್ಕೊಮ್ಮೆ ಉಸಿರು ಬಿಟ್ಟರೆ ಅದನ್ನು ತಡೆದುಕೊಳ್ಳಬಹುದು. ಎರಡನೆಯವರದು ಮೂರೂಕಾಲು ಲೀಟರ್. ಅದು ಉಸಿರಾಟದ ಅಂಕೆಗೆ ಸಿಗುವುದು ಕಷ್ಟ.

ಜಾಕೆಟ್ಟಿನ ಬಗೆಗಳ ಮಾತು ಶುರುವಾಗುವುದು ಇದಾದ ಮೇಲೆ. ಬಗೆ ಯಾವುದೇ ಇರಲಿ, ಅದು ತೀರ್ಮಾನಿಸುವುದು ಗಾಳಿ ಮೈಯ ಯಾವ ಭಾಗದಲ್ಲಿ ಕೂರಬೇಕು ಎಂಬುದನ್ನು. ನೇತ್ರಾಣಿ ದ್ವೀಪಕ್ಕೆ ಮುರ್ಡೇಶ್ವರದಿಂದ ದೋಣಿಯಲ್ಲಿ ಹೋದವರಿಗೆ ತೊಡಿಸುವಂಥದ್ದು ಸಾಮಾನ್ಯವಾಗಿ ಪೂರ್ತಿ ಜಾಕೆಟ್. ಇದರಲ್ಲಿ ಗಾಳಿ ಬೆನ್ನು, ಪಕ್ಕೆ, ಕೆಲವದರಲ್ಲಿ ಹೆಗಲನ್ನೂ ಸುತ್ತುತ್ತದೆ. ಮೇಲ್ಮೈಯಲ್ಲಿ ತಲೆ ನೀರಿನಿಂದ ಹೊರಗೆ, ಮೈ ನೆಟ್ಟಗೆ. ದೋಣಿಗಾಗಿ ಕಾಯುತ್ತ ಅಲೆಗಳಲ್ಲಿ ತೊಯ್ದಾಡುವವರಿಗೆ ಇದಕ್ಕಿಂತ ನೆಮ್ಮದಿ ಬೇರಿಲ್ಲ. ತುಂಬಾ ಊದಿಸಿದರೆ ಪಕ್ಕೆಲುಬು ಹಿಂಡಿ ಉಸಿರು ಕಟ್ಟಿದಂತಾಗುತ್ತದೆ. ನೀರೊಳಗೆ ಗಾಳಿ ಅತ್ತಿತ್ತ ಸರಿದು ಮೈ ವಾಲುವುದೂ ಉಂಟು.

ಬೆನ್ನಿನಲ್ಲಷ್ಟೇ ಗಾಳಿ ತುಂಬುವ ಜಾಕೆಟ್ಟಿನಲ್ಲಿ ಎದೆ ಬಿಡುವಾಗಿರುತ್ತದೆ, ನೀರೊಳಗೆ ಮೈ ಅಡ್ಡಡ್ಡ ಮಲಗುತ್ತದೆ. ಅಡ್ಡಡ್ಡ ಹೋಗುವವರನ್ನು ನೀರು ಕಡಿಮೆ ತಡೆಯುತ್ತದೆ, ಹಾಗಾಗಿ ಸಿಲಿಂಡರ್ ಕೂಡ ನಿಧಾನವಾಗಿ ಖಾಲಿಯಾಗುತ್ತದೆ. ಇದರ ಕಾಟ ಮೇಲ್ಮೈಯಲ್ಲಿ: ಊದಿಸಿ ನಿಂತರೆ ಮುಖವನ್ನು ಮುಂದಕ್ಕೆ, ನೀರಿಗೇ ತಳ್ಳುತ್ತದೆ. ತುಸು ಹಿಂದಕ್ಕೆ ಒರಗಿ, ಬೇಕಾದಷ್ಟೇ ಗಾಳಿ ತುಂಬಿಕೊಂಡರೆ ಸರಿ.

ಮೂರನೆಯದು ಬ್ಯಾಕ್‌ಪ್ಲೇಟ್ ಮತ್ತು ವಿಂಗ್. ಲೋಹದ ಹಲಗೆ, ಒಂದೇ ಉದ್ದ ಪಟ್ಟಿ, ಹಿಂದೆ ಗಾಳಿಚೀಲ. ಇದು ಬೆಳೆದದ್ದು ಅಮೆರಿಕದ ಫ್ಲಾರಿಡಾದ ನೀರುಗುಹೆಗಳಲ್ಲಿ. ಅಲ್ಲಿ ಕಾಲು ಕೆಳಗಿಳಿದು ತಳದ ಹೂಳು ಎದ್ದರೆ ಹೊರಬರುವ ದಾರಿಯೇ ಕಾಣದಾಗುತ್ತದೆ, ಮೈ ಅಡ್ಡಡ್ಡ ಇರಲೇಬೇಕು. ಸ್ಟೀಲ್ ಹಲಗೆಯೇ ಎರಡೂವರೆ ಕಿಲೋ ಆಸುಪಾಸು ಇರುವುದರಿಂದ ಬೆಲ್ಟಿನ ಸೀಸ ಅಷ್ಟು ಇಳಿಯುತ್ತದೆ. ಜೇಬುಗಳಿಲ್ಲ, ಮೆತ್ತೆ ಇಲ್ಲ, ಪಟ್ಟಿಗಳನ್ನು ಮೈಗೆ ಹೊಂದಿಸಲು ಒಂದು ಮಧ್ಯಾಹ್ನವೇ ಬೇಕು. ಸಿಲಿಂಡರುಗಳನ್ನು ಪಕ್ಕೆಗೆ ತೂಗುಹಾಕುವ ಸೈಡ್‌ಮೌಂಟ್ ಎಂಬುದೂ ಇದೆ, ಅದರ ಗೊಡವೆ ಹೊಸಬರಿಗೆ ಸದ್ಯಕ್ಕೆ ಬೇಡ.

ನನ್ನನ್ನು ಕೇಳಿದರೆ, ಒಂದೆರಡು ಸಲ ಮುಳುಗಿ ನೋಡುವವರಿಗೆ ಬಾಡಿಗೆಯ ಜಾಕೆಟ್ಟೇ ಸಾಕು. ಹವ್ಯಾಸ ಮುಂದುವರಿಸುವವರು ವಿಂಗ್ ಕೊಳ್ಳಲಿ, ಆದರೆ ಸೀಸದ ಲೆಕ್ಕ ಕೈಗೆ ಬಂದ ಮೇಲೆ. ದೊಡ್ಡ ಚೀಲವೇ ಸುರಕ್ಷಿತ ಎನ್ನುವ ಅಂಗಡಿಯವರ ಮಾತಿಗೆ ಮರುಳಾಗಬೇಡಿ. ತೆಳು ವೆಟ್‌ಸೂಟಿನ ನಮ್ಮ ಬೆಚ್ಚನೆಯ ಕಡಲಿಗೆ, ಒಂದೇ ಸಿಲಿಂಡರಿಗೆ, ಭಾರೀ ಚೀಲ ಬೇಕಿಲ್ಲ.

ಯಾವ ಬಗೆ ತೊಟ್ಟರೂ ಒಂದು ವಿಷಯ ಕೈಯಾರೆ ಕಲಿಯಬೇಕು. ಎಡಹೆಗಲಿನಿಂದ ಇಳಿಬಿದ್ದ ಕೊಳವೆಯ ತುದಿಯಲ್ಲಿ ಎರಡು ಗುಂಡಿ, ಒಂದು ತುಂಬಲು, ಇನ್ನೊಂದು ಬಿಡಲು. ಗಾಳಿ ಯಾವಾಗಲೂ ಚೀಲದ ಅತಿ ಎತ್ತರದ ಮೂಲೆ ಹುಡುಕಿ ಕೂರುತ್ತದೆ. ಕೊಳವೆಯನ್ನು ಮೇಲೆತ್ತದೆ ಗುಂಡಿ ಒತ್ತಿದರೆ ಗಾಳಿ ಹೊರಬರದು. ತಲೆ ಕೆಳಗಾಗಿದ್ದಾಗ ಹೆಗಲಿನ ಕವಾಟವೂ ಕೆಲಸಕ್ಕೆ ಬಾರದು, ಸೊಂಟದ ಹಿಂದಿರುವ ಕವಾಟದ ದಾರವನ್ನೇ ಎಳೆಯಬೇಕು.

ಬೆಂಗಳೂರಿನ ಈಜುಕೊಳದಲ್ಲಿ ಕಲಿತು ಕಡಲಿಗಿಳಿಯುವವರು ಸೀಸವನ್ನು ಹೊಸದಾಗಿ ಲೆಕ್ಕ ಹಾಕಬೇಕು. ಮೈ, ಸಾಮಾನು ಸೇರಿ ನೂರು ಕಿಲೋ ಇದ್ದರೆ ಉಪ್ಪುನೀರಿಗೆ ಸುಮಾರು ಎರಡೂವರೆ ಕಿಲೋ ಹೆಚ್ಚಿಗೆ ಬೇಕಾಗುತ್ತದೆ. ಪರೀಕ್ಷೆ ಡೈವಿನ ಕೊನೆಗೆ: ಸಿಲಿಂಡರಿನಲ್ಲಿ 50 ಬಾರ್ ಉಳಿದಿರುವಾಗ, 5 ಮೀಟರ್ ಆಳದಲ್ಲಿ, ಜಾಕೆಟ್ ಪೂರ್ತಿ ಖಾಲಿ ಮಾಡಿ ಎಂದಿನಂತೆ ಉಸಿರಾಡುತ್ತ ಇರಿ. ಇಳಿದರೆ ಮುಂದಿನ ಸಲ ಒಂದು ಕಿಲೋ ತೆಗೆಯಿರಿ, ಏರಿದರೆ ಒಂದು ಸೇರಿಸಿ.