ತಲೆಮಾರುಗಳ ಪರ್ಯಾಯ: ಮಿಯಾಸಿಸ್ ನಡೆಯುವುದೆಲ್ಲಿ?

ಶೈವಲಗಳ (ಪಾಚಿಗಳ) ಮತ್ತು ಸಸ್ಯಗಳ ಜೀವನಚಕ್ರಗಳನ್ನು ಓದುವಾಗ ಹೆಸರುಗಳನ್ನು ಉರುಹೊಡೆಯುವುದಕ್ಕಿಂತ, ವರ್ಣತಂತುಗಳ (ಕ್ರೋಮೋಸೋಮ್) ಸಂಖ್ಯೆಯನ್ನು ಅರ್ಧಕ್ಕಿಳಿಸುವ ಕೋಶವಿಭಜನೆಯಾದ ಮಿಯಾಸಿಸ್ ಯಾವ ಘಟ್ಟದಲ್ಲಿ ನಡೆಯುತ್ತದೆ ಎಂಬುದನ್ನು ಮೊದಲು ಗುರುತಿಸಿಕೊಳ್ಳುವುದು ಒಳ್ಳೆಯದು. ಕೆರೆ ಕುಂಟೆಗಳಲ್ಲಿ ಬೆಳೆಯುವ ಸ್ಪೈರೋಗೈರಾದಲ್ಲಿ ಎರಡು ಲಿಂಗಾಣುಗಳು (ಸಂತಾನೋತ್ಪತ್ತಿಯ ಕೋಶಗಳು) ಕೂಡಿ ಆದ ಯುಗ್ಮಜವೊಂದೇ ದ್ವಿಗುಣಿತ, ಅಂದರೆ ವರ್ಣತಂತುಗಳ ಎರಡು ಜೊತೆಗಳುಳ್ಳದ್ದು. ಮಿಯಾಸಿಸ್ ಅದರೊಳಗೇ ನಡೆದುಹೋಗುವುದರಿಂದ ನಮಗೆ ಕಾಣುವ ಹಸಿರು ಎಳೆಗಳೆಲ್ಲ ಏಕಗುಣಿತ, ಅಂದರೆ ಒಂದೇ ಜೊತೆಯವು. ಸಮುದ್ರದ ಕಂದು ಶೈವಲವಾದ ಫ್ಯೂಕಸ್ ಇದಕ್ಕೆ ತದ್ವಿರುದ್ಧ: ಇಡೀ ದೇಹ ದ್ವಿಗುಣಿತ, ಮಿಯಾಸಿಸ್‌ನಿಂದ ಹುಟ್ಟುವ ಲಿಂಗಾಣುಗಳು ಮಾತ್ರ ಏಕಗುಣಿತ.

ಮೂರನೆಯ ಬಗೆಯಲ್ಲಿ ಮಿಯಾಸಿಸ್‌ನಿಂದ ಹುಟ್ಟುವುದು ಲಿಂಗಾಣುವಲ್ಲ, ಬೀಜಕ. ಅದು ಮತ್ತೊಂದರೊಡನೆ ಕೂಡದೆ ತಾನೇ ಬೆಳೆದು ಲಿಂಗಾಣುಸಸ್ಯವಾಗುತ್ತದೆ; ಅದು ಕೊಡುವ ಲಿಂಗಾಣುಗಳು ಕೂಡಿದಾಗ ದ್ವಿಗುಣಿತ ಬೀಜಕಸಸ್ಯ ಹುಟ್ಟುತ್ತದೆ. ಹೀಗೆ ಎರಡು ತಲೆಮಾರುಗಳು ಸರದಿಯಲ್ಲಿ ಬರುವುದೇ ತಲೆಮಾರುಗಳ ಪರ್ಯಾಯ. ಅಲ್ವಾ ಎಂಬ ಹಸಿರು ಶೈವಲದಲ್ಲಿ ಈ ಎರಡು ತಲೆಮಾರುಗಳು ಬರಿಗಣ್ಣಿಗೆ ಒಂದೇ ತೆರ. ಲ್ಯಾಮಿನೇರಿಯ ಎಂಬ ಕಂದು ಶೈವಲದಲ್ಲಾದರೋ ಬೀಜಕಸಸ್ಯ ಮೀಟರುಗಟ್ಟಲೆ ಉದ್ದ, ಲಿಂಗಾಣುಸಸ್ಯವನ್ನು ಸೂಕ್ಷ್ಮದರ್ಶಕದಲ್ಲೇ ನೋಡಬೇಕು.

ಇಂಥ ವ್ಯತ್ಯಾಸ ವಿಜ್ಞಾನಿಗಳನ್ನೂ ದಾರಿತಪ್ಪಿಸಿದ್ದುಂಟು. ಚಿಪ್ಪುಗಳನ್ನು ಕೊರೆದು ಅದರೊಳಗೆ ಬೆಳೆಯುವ ಗುಲಾಬಿ ಬಣ್ಣದ ಎಳೆಗಳನ್ನು ಕಾಂಕೋಸೆಲಿಸ್ ಎಂಬ ಬೇರೆಯೇ ಜೀವಿಯೆಂದು ಎಣಿಸಲಾಗಿತ್ತು. ಅದು ತೆಳುಹಾಳೆಯಂಥ ಕೆಂಪು ಶೈವಲ ಪಾರ್ಫೈರಾದ ಇನ್ನೊಂದು ಹಂತವೆಂದು 1949ರಲ್ಲಿ ಇಂಗ್ಲೆಂಡಿನ ಕ್ಯಾಥ್ಲೀನ್ ಡ್ರೂ ತೋರಿಸಿಕೊಟ್ಟರು. ಜಪಾನೀಯರು ನೋರಿ ಎಂದು ತಿನ್ನುವುದು ಇದೇ ಹಾಳೆಯನ್ನು. ಬೀಜಕಗಳು ಎಲ್ಲಿಂದ ಬರುತ್ತವೆಂದೇ ತಿಳಿಯದೆ ಕಡಲನ್ನು ನಂಬಿಕೊಂಡಿದ್ದ ಅಲ್ಲಿನ ಬೆಳೆಗಾರರು, ಆ ಬಳಿಕ ತೊಟ್ಟಿಗಳಲ್ಲಿ ಚಿಪ್ಪುಗಳನ್ನಿಟ್ಟು ಬೀಜಕಗಳನ್ನು ತಾವೇ ಪಡೆಯತೊಡಗಿದರು. ಜಪಾನಿಗೆ ಒಮ್ಮೆಯೂ ಹೋಗದ ಡ್ರೂ ಅವರಿಗೆ ಕುಮಾಮೊಟೊ ಪ್ರಾಂತದ ಉಟೊ ಎಂಬಲ್ಲಿ ಸ್ಮಾರಕವಿದೆ.

ನೆಲದ ಸಸ್ಯಗಳೆಲ್ಲ ಈ ಮೂರನೆಯ ಬಗೆಗೇ ಸೇರಿದವು. ಹಾವಸೆಯಿಂದ (ಮಾಸ್) ಪೈನ್‌ನಂಥ ಶಂಕುಧಾರಿಗಳವರೆಗೆ ಇದೇ ವಿನ್ಯಾಸವಿದೆಯೆಂದು ಜರ್ಮನಿಯ ಸಸ್ಯವಿಜ್ಞಾನಿ ಹಾಫ್‌ಮೈಸ್ಟರ್ 1851ರಲ್ಲೇ ವಿವರಿಸಿದ್ದರು. ಹಾವಸೆಯಲ್ಲಿ ಹಸಿರಾಗಿ ಹಬ್ಬುವುದು ಲಿಂಗಾಣುಸಸ್ಯ. ಅದರ ತುದಿಯಲ್ಲಿ ನಿಂತ ಕಡ್ಡಿ ಮತ್ತು ಬೀಜಕಗಳ ಚೀಲವಾದ ಕೋಶಿಕೆಯಷ್ಟೇ ಬೀಜಕಸಸ್ಯ. ಜರೀಗಿಡದಲ್ಲಿ ಇದು ತಿರುಗುಮುರುಗಾಗಿ, ಲಿಂಗಾಣುಸಸ್ಯವು ಕೆಲವೇ ಮಿಲಿಮೀಟರ್ ಅಗಲದ, ಆದರೂ ಸ್ವತಂತ್ರವಾಗಿ ಬದುಕುವ ಹೃದಯಾಕಾರದ ಹಾಳೆಯಾಗುತ್ತದೆ. ಇವೆರಡರಲ್ಲೂ ಪುಂಲಿಂಗಾಣು ಅಂಡವನ್ನು ತಲುಪಲು ನೀರಿನಲ್ಲಿ ಈಜಲೇಬೇಕು.

ಹೂಬಿಡುವ ಸಸ್ಯಗಳಲ್ಲಿ ಹೆಣ್ಣು ಲಿಂಗಾಣುಸಸ್ಯವು ಸಾಮಾನ್ಯವಾಗಿ 7 ಕೋಶ, 8 ಕೋಶಕೇಂದ್ರಗಳ ಭ್ರೂಣಚೀಲಕ್ಕೆ ಕುಗ್ಗಿದೆ. ಪರಾಗರೇಣುವನ್ನು ಲಿಂಗಾಣುವೆಂದು ಬರೆದು ಅಂಕ ಕಳೆದುಕೊಳ್ಳುವವರು ಬಹಳ. ಅದು ಎರಡು ಪುಂಲಿಂಗಾಣುಗಳನ್ನು ಕೊಡುವ ಗಂಡು ಲಿಂಗಾಣುಸಸ್ಯ. ಅವುಗಳಲ್ಲಿ ಒಂದು ಅಂಡದೊಡನೆ ಕೂಡಿ ಯುಗ್ಮಜವಾದರೆ, ಇನ್ನೊಂದು ನಡುಕೋಶದ ಎರಡು ಕೇಂದ್ರಗಳೊಡನೆ ಬೆರೆತು ತ್ರಿಗುಣಿತ ಭ್ರೂಣಾಹಾರವಾಗುತ್ತದೆ. ನಾವು ಕುಡಿಯುವ ಎಳನೀರು ಈ ಭ್ರೂಣಾಹಾರದ ದ್ರವರೂಪವೇ.