ಆಡಳಿತ ವೆಚ್ಚ ಎಂಬ ಅಳತೆಗೋಲು: ದತ್ತಿ ಸಂಸ್ಥೆಯ ಹಣಕಾಸು ಓದುವ ಬಗೆ ಬದಲಾದದ್ದು ಹೇಗೆ?

ಸ್ಥಳೀಯ ದತ್ತಿ ಸಂಸ್ಥೆಗೆ ಹಣ ಕೊಡುವ ಮುನ್ನ ದಾನಿಗಳು ಸಾಮಾನ್ಯವಾಗಿ ಕೇಳುವುದು ಒಂದೇ: ನೂರಕ್ಕೆ ಎಷ್ಟು ಆಡಳಿತಕ್ಕೆ ಹೋಗುತ್ತದೆ? ಮುಂದಿನ ವರ್ಷ ಸಂಸ್ಥೆಯ ಬಾಗಿಲು ತೆರೆದಿರುತ್ತದೆಯೇ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಇಂಗ್ಲೆಂಡಿನ 1601ರ ಕಾನೂನಿಗೆ ದತ್ತಿ ಹಣ ದುರುಪಯೋಗವಾಗಬಾರದು ಎಂಬುದೇ ಚಿಂತೆ. 1853ರಲ್ಲಿ ಮೇಲ್ವಿಚಾರಣೆಗೆ ಆಯೋಗ ಬಂತು. ಅಮೆರಿಕದಲ್ಲಿ 1941ರ ತೆರಿಗೆ ವರ್ಷದಿಂದ ಫಾರ್ಮ್ 990, ಅಂದರೆ ತೆರಿಗೆ ವಿನಾಯಿತಿ ಇರುವ ಸಂಸ್ಥೆಗಳು ತೆರಿಗೆ ಇಲಾಖೆಗೆ ಸಲ್ಲಿಸುವ ವಾರ್ಷಿಕ ಲೆಕ್ಕ. ಲೆಕ್ಕವೇನೋ ಸಿಕ್ಕಿತು, ಅದನ್ನು ಓದುವುದು ಹೇಗೆ? 1991ರಲ್ಲಿ ಟಕ್‌ಮನ್ ಮತ್ತು ಚಾಂಗ್ ಎಂಬ ಸಂಶೋಧಕರು ದುರ್ಬಲ ಸಂಸ್ಥೆಯ ನಾಲ್ಕು ಲಕ್ಷಣ ಗುರುತಿಸಿದರು: ಸ್ವಂತ ನಿಧಿ ಕಡಿಮೆ, ಆದಾಯಕ್ಕೆ ಒಂದೆರಡೇ ಮೂಲ, ವರ್ಷದ ಉಳಿಕೆ ಅತ್ಯಲ್ಪ, ಆಡಳಿತ ವೆಚ್ಚವೂ ಕಡಿಮೆ. ಹೌದು, ಕಡಿಮೆ. ಕಷ್ಟ ಬಂದಾಗ ಕತ್ತರಿಸಲು ಅಲ್ಲಿ ಏನೂ ಇರುವುದಿಲ್ಲ. ಆಮೇಲೆ ಬಂದ ರೇಟಿಂಗ್ ತಾಣಗಳು ಅದೇ ಕಡಿಮೆ ವೆಚ್ಚಕ್ಕೆ ಹೆಚ್ಚು ಅಂಕ ಕೊಟ್ಟವು. ಸಂಬಳ, ಲೆಕ್ಕಪತ್ರದ ಕೆಲಸವನ್ನೆಲ್ಲ 'ಯೋಜನೆ'ಯ ತಲೆಬರಹದಡಿ ತಳ್ಳುವ ಚಾಳಿ ಬೆಳೆಯಿತು. ದಾನ ಬಂದ ವಸ್ತುಗಳಿಗೆ ದೊಡ್ಡ ಬೆಲೆ ಕಟ್ಟಿದರೂ ಒಟ್ಟು ಖರ್ಚು ಹಿಗ್ಗಿ, ಆಡಳಿತದ ಶೇಕಡಾವಾರು ತಾನಾಗಿಯೇ ಇಳಿಯುತ್ತದೆ. ಕೊನೆಗೆ 2013ರಲ್ಲಿ ಅಮೆರಿಕದ ಮೂರು ಮೌಲ್ಯಮಾಪನ ಸಂಸ್ಥೆಗಳೇ, ಆಡಳಿತ ವೆಚ್ಚವೊಂದನ್ನೇ ನೋಡಿ ತೀರ್ಮಾನಿಸಬೇಡಿ ಎಂದು ದಾನಿಗಳಿಗೆ ಪತ್ರ ಬರೆದವು.

ಈಗ ಬಲ್ಲವರು ಮೊದಲು ಹುಡುಕುವುದು ಮುಕ್ತ ಮೀಸಲು, ಅಂದರೆ ಸಂಸ್ಥೆ ಯಾವ ಖರ್ಚಿಗಾದರೂ ಬಳಸಬಹುದಾದ ಹಣ. ಬ್ಯಾಲೆನ್ಸ್ ಶೀಟಿನಲ್ಲಿ ನಗದು ಮತ್ತು ಬೇಕೆಂದಾಗ ಹಿಂಪಡೆಯಬಹುದಾದ ಠೇವಣಿ ಕೂಡಿ. ನಿರ್ದಿಷ್ಟ ಉದ್ದೇಶಕ್ಕೆಂದೇ ಬಂದ ಹಣ ಮತ್ತು ಕೊಡಬೇಕಾದ ಬಾಕಿ ಕಳೆಯಿರಿ. ಉಳಿದದ್ದನ್ನು ತಿಂಗಳ ಖರ್ಚಿನಿಂದ ಭಾಗಿಸಿ. ಸವಕಳಿಯನ್ನು (ಕಟ್ಟಡ, ಯಂತ್ರಗಳು ಹಳತಾದಂತೆ ಲೆಕ್ಕದಲ್ಲಿ ಇಳಿಸುವ ಬೆಲೆ) ಖರ್ಚಿಗೆ ಸೇರಿಸಬೇಡಿ, ಅದಕ್ಕೆ ಯಾರೂ ಚೆಕ್ ಬರೆಯುವುದಿಲ್ಲ. ಉದಾಹರಣೆಗೆ, ಬ್ಯಾಂಕಿನಲ್ಲಿ 12 ಲಕ್ಷ, ಅದರಲ್ಲಿ ಕಟ್ಟಡಕ್ಕೆಂದು ಬಂದದ್ದು 9, ಬಾಕಿ 1, ತಿಂಗಳ ಖರ್ಚು 2 ಲಕ್ಷ. 12 ಲಕ್ಷದ ಸಂಸ್ಥೆಯ ಆಯುಸ್ಸು ಒಂದೇ ತಿಂಗಳು.

ಇಂಥಲ್ಲಿ ಕಟ್ಟಡದ ಹಣದಿಂದ ಸಂಬಳ ಕೊಡುವುದು ಶುರುವಾಗುತ್ತದೆ. ಅನುದಾನದ ಮುಂದಿನ ಕಂತು ತಡವಾದಾಗಲೇ ಅದು ಬಯಲಾಗುವುದು. ಇನ್ನೊಂದು ಎಡವಟ್ಟು: ಮಂಜೂರಾಗಿ ಇನ್ನೂ ಕೈಸೇರದ ಅನುದಾನವೂ ಆದಾಯದ ಪಟ್ಟಿಯಲ್ಲಿರಬಹುದು. ಕಾಗದದಲ್ಲಿ ಉಳಿತಾಯ, ಖಾತೆಯಲ್ಲಿ ಏನಿಲ್ಲ. ಆದ್ದರಿಂದ ಲೆಕ್ಕಪರಿಶೋಧಕರ ಟಿಪ್ಪಣಿಗಳನ್ನು ಬಿಡದೆ ಓದಬೇಕು. ಮೂರು ವರ್ಷದ ಪಟ್ಟಿಗಳನ್ನು ಪಕ್ಕಪಕ್ಕ ಇಡಬೇಕು. ಬ್ಯಾಲೆನ್ಸ್ ಶೀಟ್ ವರ್ಷದ ಕೊನೆಯ ದಿನದ ಚಿತ್ರವಷ್ಟೆ, ಕಂತು ಬಂದ ಮರುದಿನ ತೆಗೆದದ್ದಾದರೆ ಎಲ್ಲವೂ ಚೆಂದ. ಹನ್ನೆರಡು ತಿಂಗಳ ಕೊನೆಯ ಬ್ಯಾಂಕ್ ಶಿಲ್ಕು ಕೇಳಿ ಪಡೆದು, ಅತಿ ಕಡಿಮೆ ಇದ್ದ ತಿಂಗಳಲ್ಲಿ ಸಂಬಳ ಯಾವ ಹಣದಿಂದ ಆಯಿತೆಂದು ವಿಚಾರಿಸಿ.