‘ಕೆರೆಗೆ ಹಾರ’ದಲ್ಲಿ ಹೊಸ ಕತೆ ಎಲ್ಲಿ ಅಡಗಿದೆ?

ಕೆರೆಗೆ ನೀರು ಬರಲೆಂದು ಸೊಸೆಯನ್ನು ಬಲಿಕೊಟ್ಟ ಕತೆ ಹೇಳುವ ಜನಪದ ಹಾಡು ‘ಕೆರೆಗೆ ಹಾರ’. ಜಾನಪದ ತರಗತಿಯಲ್ಲಿ ಅದನ್ನು ಓದಿಸಿ ‘ಇದರಿಂದ ಒಂದು ಕತೆ ಬರೆಯಿರಿ’ ಎಂದರೆ ಹೆಚ್ಚಿನವರು ಬರೆಯುವುದು ಬಲಿಯ ಬಗ್ಗೆಯೇ. ಬಲಿಯಾಗಬೇಕಾದ ಕಿರಿಸೊಸೆ ಭಾಗೀರಥಿ ಎದುರು ಮಾತಾಡುತ್ತಾಳೆ, ಇಲ್ಲವೇ ಕೊನೆ ಗಳಿಗೆಯಲ್ಲಿ ಯಾರೋ ಬಂದು ಉಳಿಸುತ್ತಾರೆ. ಎರಡೂ ಸಪ್ಪೆ. ಬಲಿ ಈ ಹಾಡಿಗೆ ಮಾತ್ರ ಸೇರಿದ್ದಲ್ಲ, ಕಟ್ಟಡಕ್ಕೆ ಜೀವ ಕೊಡುವ ಕತೆ ಹತ್ತಾರು ನಾಡುಗಳಲ್ಲಿದೆ. ಜನಪದ ಕತೆಗಳಲ್ಲಿ ಮತ್ತೆ ಮತ್ತೆ ಬರುವ ಇಂಥ ಎಳೆಗೆ ‘ಆಶಯ’ ಎನ್ನುತ್ತಾರೆ; ಅವುಗಳನ್ನು ಪಟ್ಟಿಮಾಡಿದ ಜಾನಪದ ವಿದ್ವಾಂಸ ಸ್ಟಿತ್ ಥಾಮ್ಸನ್‌ನ ಆಶಯ ಸೂಚಿಯಲ್ಲಿ ಇದರ ಸಂಖ್ಯೆ ಎಸ್ 261. ಹೊಸ ಕತೆ ಸಿಗುವುದು ಆಶಯದಲ್ಲಿ ಅಲ್ಲ, ಈ ಹಾಡು ಆ ಆಶಯವನ್ನು ನಡೆಸಿಕೊಂಡು ಹೋಗುವ ಬಗೆಯಲ್ಲಿ.

ಮೊದಲ ಕೆಲಸ: ಹಾಡನ್ನು ಹತ್ತು ಹನ್ನೆರಡು ಸಾಲಿಗೆ ಇಳಿಸಿ, ಸಾಲಿಗೊಂದೇ ಕ್ರಿಯೆ. ಗೌಡ ಕೆರೆ ಕಟ್ಟಿಸಿದ. ನೀರು ಬರಲಿಲ್ಲ. ಹೊತ್ತಿಗೆ (ಶಾಸ್ತ್ರದ ಪುಸ್ತಕ) ತೆಗೆಸಿ ಕೇಳಿದರು. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಇಲ್ಲವೆಂದು ಕಿರಿಸೊಸೆಯನ್ನು ಗೊತ್ತುಮಾಡಿದರು. ಹೀಗೆ ಕೊನೆಯವರೆಗೆ. ‘ದುಃಖಿಸಿದಳು’, ‘ತ್ಯಾಗ ಮಾಡಿದಳು’ ಎಂಬ ಮಾತು ಪಟ್ಟಿಯಲ್ಲಿ ನುಸುಳಿದರೆ ಹೊಡೆದುಹಾಕಿ. ಅವು ನಮ್ಮ ತೀರ್ಪು, ಹಾಡಿನ ಕ್ರಿಯೆಯಲ್ಲ. ಪಟ್ಟಿ ಸುಳ್ಳಾದರೆ ಮುಂದಿನದೆಲ್ಲ ಸುಳ್ಳಾಗುತ್ತದೆ.

ಎರಡನೆಯದು, ಪಕ್ಕದಲ್ಲಿ ಇದೇ ಕತೆಯ ಬೇರೆ ನಾಡಿನ ಪಾಠಗಳನ್ನು, ಅಂದರೆ ಬೇರೆ ರೂಪಗಳನ್ನು, ಇಡುವುದು. ಸ್ಕಾದರ್ ಕೋಟೆ ಕಟ್ಟಿದ್ದನ್ನು ಹೇಳುವ ಸರ್ಬಿಯನ್ ಹಾಡಿನಲ್ಲಿ ಮೂವರು ಅಣ್ಣತಮ್ಮಂದಿರು ಹೆಂಡತಿಯರಿಗೆ ಸುಳಿವು ಕೊಡುವುದಿಲ್ಲವೆಂದು ಮಾತು ಕೊಟ್ಟುಕೊಳ್ಳುತ್ತಾರೆ. ಹಿರಿಯರಿಬ್ಬರೂ ಗುಟ್ಟಾಗಿ ಹೇಳಿಬಿಡುತ್ತಾರೆ, ಮಾತಿಗೆ ನಿಂತ ಕಿರಿಯವನ ಹೆಂಡತಿ ಗೋಡೆಯೊಳಗೆ ಹೋಗುತ್ತಾಳೆ. ಗ್ರೀಸಿನ ಆರ್ತಾ ಸೇತುವೆಯ ಹಾಡಿನಲ್ಲಿ ಮೇಸ್ತ್ರಿಯ ಉಂಗುರ ಕೆಳಗೆ ಬಿದ್ದಿದೆ, ತೆಗೆದುಕೊಡು ಎಂದು ಹೇಳಿ ಅವನ ಹೆಂಡತಿಯನ್ನು ಇಳಿಸುತ್ತಾರೆ. ನಮ್ಮಲ್ಲಿ ಗಂಗೆಪೂಜೆ ಮುಗಿಸಿ ಹೊರಟ ಮೇಲೆ ಬಂಗಾರದ ಬಟ್ಟಲನ್ನು ಕೆರೆಯಲ್ಲೇ ಬಿಟ್ಟುಬಂದೆವೆಂಬ ಮಾತು ಬರುತ್ತದೆ, ಅದನ್ನು ತರಲು ಕಿರಿಸೊಸೆ ಹೋಗುತ್ತಾಳೆ. ಉಂಗುರ, ಬಟ್ಟಲು ಎರಡೂ ಒಂದೇ ಕೀಲು. ಆದರೆ ಆರ್ತಾದ ಹೆಂಡತಿಗೆ ಮೋಸ ಗೊತ್ತಿಲ್ಲ, ಭಾಗೀರಥಿಗೆ ಎಲ್ಲ ಗೊತ್ತು. ಗೊತ್ತಿದ್ದೂ ಬಟ್ಟಲಿಗೆ ಹೋಗುತ್ತಾಳೆ. ಪಾಠಾಂತರ ಜೋಡಿಸುವುದು ಹೋಲಿಕೆ ಎಣಿಸಲಿಕ್ಕಲ್ಲ, ಇಂಥ ವ್ಯತ್ಯಾಸ ಹಿಡಿಯಲಿಕ್ಕೆ.

ಮೂರನೆಯದೇ ನಿಜವಾದ ಗಣಿ: ಯಾರಿಗೆ ಏನು ಗೊತ್ತು ಎಂದು ಗುರುತು ಹಾಕುವುದು. ಸುದ್ದಿ ತಿಳಿದ ಭಾಗೀರಥಿ ತವರಿಗೆ ಓಡುತ್ತಾಳೆ. ಮುಖ ಯಾಕೆ ಬಾಡಿದೆ ಎಂದು ಅಪ್ಪ ಕೇಳಿದರೆ, ಅತ್ತೆಮಾವ ಬೇರೆ ಇಡುತ್ತಾರಂತೆ ಅನ್ನುತ್ತಾಳೆ. ಇಟ್ಟರೆ ಇಡಲಿ, ಹೊಲಮನೆ ಕೊಡಿಸುತ್ತೇನೆ ಅನ್ನುತ್ತಾನೆ ಅಪ್ಪ. ಅವ್ವನ ಮುಂದೆಯೂ ಅದೇ ಮಾತು. ನಿಜ ಬಾಯಿಬಿಡುವುದು ಗೆಳತಿಯ ಮುಂದೆ ಮಾತ್ರ. ಆಮೇಲೆ ಕೆಟ್ಟ ಕನಸು ಕಂಡು ಅವಳ ಗಂಡ ಮಾದೇವರಾಯ ದಂಡಿನಿಂದ ಬರುತ್ತಾನೆ. ಮನೆಯಲ್ಲಿ ‘ತವರಿಗೆ ಹೋದಳು’, ತವರಲ್ಲಿ ‘ಗೆಳತಿಯ ಮನೆಗೆ ಹೋದಳು’. ನಡೆದದ್ದನ್ನು ಹೇಳುವವಳು ಮತ್ತೆ ಆ ಗೆಳತಿಯೇ. ಹಾಡಿನ ಎರಡು ತುದಿಯಲ್ಲೂ ನಿಂತಿದ್ದಾಳೆ, ಅವಳಿಗೊಂದು ಹೆಸರೂ ಇಲ್ಲ! ಕತೆ ಬೇಕಿದ್ದರೆ ಅವಳ ಬಾಗಿಲಲ್ಲಿ ಕೂರಬಹುದು.

ಪುನರಾವರ್ತನೆಯನ್ನು ಗದ್ಯಕ್ಕೆ ಬೇಡವೆಂದು ಕತ್ತರಿಸುವುದು ಎಲ್ಲರೂ ಮಾಡುವ ತಪ್ಪು. ಭಾಗೀರಥಿ ಮೆಟ್ಟಿಲು ಏರಿ ಬರುತ್ತಿದ್ದಂತೆ ನೀರೂ ಏರುತ್ತದೆ: ಪಾದಕ್ಕೆ, ಮೊಣಕಾಲಿಗೆ, ನಡುವಿಗೆ. ಐದನೆಯ ಮೆಟ್ಟಿಲಿಗೆ ತುಂಬಿಬಿಡುತ್ತದೆ. ಅವಳು ಇಳಿಯುತ್ತಿಲ್ಲ, ಮನೆಯ ಕಡೆ ಹತ್ತುತ್ತಿದ್ದಾಳೆ. ಐದು ಮೆಟ್ಟಿಲನ್ನು ‘ನೀರು ಏರಿತು’ ಎಂಬ ಒಂದು ಸಾಲಿಗೆ ಇಳಿಸಿದರೆ ಆ ಭಯ ಹೋಯಿತು. ಮಾತುಗಳನ್ನೇ ಎತ್ತಿಕೊಳ್ಳಬೇಕಾಗಿಲ್ಲ, ಎಣಿಕೆಯನ್ನು ಉಳಿಸಿಕೊಂಡರೆ ಸಾಕು. ಉತ್ತರ ಕರ್ನಾಟಕದ ಮಾತು ಬಾಯಲ್ಲಿ ಇಲ್ಲದವರು ‘ಹಾಡಿನ ಸೊಗಡು’ ಎಂದು ಅದನ್ನು ನಕಲು ಮಾಡುವುದಂತೂ ಬೇಡವೇ ಬೇಡ.

ಅಭ್ಯಾಸಕ್ಕೆ: ಮುನ್ನೂರು ಪದ, ಒಂದೇ ದೃಶ್ಯ. ಮಾದೇವರಾಯ ಗೆಳತಿಯ ಬಾಗಿಲಿಗೆ ಬಂದಿದ್ದಾನೆ. ಅವಳ ಕೈಗೊಂದು ಕೆಲಸ ಕೊಡಿ, ಜೋಳ ಹಸನು ಮಾಡುವುದೋ ಹೊಸ್ತಿಲು ಸಾರಿಸುವುದೋ. ‘ಬಲಿ’, ‘ಸಾವು’ ಎಂಬ ಪದ ಬಳಸುವಂತಿಲ್ಲ. ಅವಳು ಬಾಯಿ ತೆರೆಯುವ ಮೊದಲೇ ದೃಶ್ಯ ಮುಗಿಯಬೇಕು.